ಖಾಲಿ ಲಾಳಿಯ ಸಪ್ಪಳ

ಇಳಕಲ್ಲಿನ ನೇಕಾರ ಓಣಿಯೊಂದರಲ್ಲಿ ಸಿದ್ದವ್ವನ ಮನೆ. ಮೊಬೈಲು ಇನ್ನೂ ಸಾಹುಕಾರರ ಕಿಸೆಯಲ್ಲೇ ಇದ್ದ ಕಾಲವದು. ಆ ಓಣಿಯಲ್ಲಿ ಒಂದು ಮನೆಯ ಕ್ಷೇಮ ತಿಳಿಯಲು ಬಾಗಿಲು ತಟ್ಟಬೇಕಾಗಿರಲಿಲ್ಲ. ಮಗ್ಗದ ಸಪ್ಪಳ ಬರುತ್ತಿದ್ದರೆ ಎಲ್ಲ ಸರಿಯಿದೆ. ಸಪ್ಪಳ ನಿಂತರೆ ಯಾರಿಗೋ ಜ್ವರ, ಇಲ್ಲವೇ ಬೀಗರು ಬಂದಿದ್ದಾರೆ. ಸಿದ್ದವ್ವ ಹುಟ್ಟಿದ್ದೂ ಆ ಸಪ್ಪಳದಲ್ಲಿ, ಬೆಳೆದದ್ದೂ ಅದರಲ್ಲೇ. ಮಧ್ಯಾಹ್ನ ಉಂಡು ಕಂಬಕ್ಕೆ ಒರಗಿದಳೆಂದರೆ ಮಗ್ಗದ ಖಟ್ ಖಟ್ ಅವಳಿಗೆ ತೊಟ್ಟಿಲು ತೂಗಿದ ಹಾಗೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಮನೆಯೆಲ್ಲ ಅರೆನಿದ್ದೆಯಲ್ಲಿ ಇದ್ದಂತೆ ಕಾಣುತ್ತಿತ್ತು.

ಮಗ್ಗದಲ್ಲಿ ಕೂಡುತ್ತಿದ್ದವಳು ಸೊಸೆ ಮಹೇಶ್ವರಿ. ಹಿಂದಿನ ಬೇಸಿಗೆಯಲ್ಲಿ ದವಾಖಾನೆಯಲ್ಲಿ ಅವಳಿಗೆ ಹೆರಿಗೆಯಾಗಿತ್ತು. ಹೆಣ್ಣು ಕೂಸು. ಅಳಲಿಲ್ಲ, ಕಣ್ಣು ಬಿಡಲಿಲ್ಲ. ಬಾಣಂತಿಗೆ ಎಚ್ಚರ ಬರುವ ಮೊದಲೇ ಸಿದ್ದವ್ವ ಕೂಸನ್ನು ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ, ಮಗ ವಿಜಯಮಹಾಂತೇಶನ ಕೈಗೆ ಕೊಟ್ಟು ಮಣ್ಣಿಗೆ ಕಳಿಸಿದಳು. ನೋಡಿದರೆ ಸೊಸೆಗೆ ಸಂಕಟ, ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂಬುದು ಅವಳ ಎಣಿಕೆ. ತೊಟ್ಟಿಲ ಕಾರ್ಯದ ದಿನ ಉಡಲೆಂದು ಮಹೇಶ್ವರಿ ತಾನೇ ನೇಯುತ್ತಿದ್ದ ಹಸಿರು ಸೀರೆ ಅರ್ಧಕ್ಕೆ ನಿಂತು ಮಗ್ಗದ ಮೇಲಿತ್ತು. ಅದನ್ನೂ ಕತ್ತರಿಸಿ ತೆಗೆದು, ಸೊಸೆ ಮನೆಗೆ ಬರುವಷ್ಟರಲ್ಲಿ ಮಗ್ಗಕ್ಕೆ ನೀಲಿ ನೂಲಿನ ಹೊಸ ಹಾಸು ಹೂಡಿಸಿದ್ದಳು. ಕೂಸಿನ ಮಾತು ಯಾರೂ ಎತ್ತಕೂಡದು ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದಳು. ಮಾಡಿದ್ದೆಲ್ಲ ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ.

ಬಾಣಂತನ ಮುಗಿಸಿ ಮಹೇಶ್ವರಿ ಮತ್ತೆ ಮಗ್ಗದ ಕುಣಿಗೆ ಇಳಿದು ಕೂತಳು. ಸಪ್ಪಳ ಕೇಳಿತು. ಅಂತೂ ಸೊಸೆ ಸುಧಾರಿಸಿದಳು ಎಂದು ಸಿದ್ದವ್ವ ನಿಟ್ಟುಸಿರು ಬಿಟ್ಟಳು. ಮಹೇಶ್ವರಿ ಅರ್ಧ ರೊಟ್ಟಿಗೇ ಏಳುವುದು, ಬೆಳಗಿನ ತನಕ ಹೊರಳಾಡುವುದು, ಕರೆದರೆ ದೂರದ ಊರಿನಿಂದ ಬಂದವಳಂತೆ ನೋಡುವುದು, ಇವೆಲ್ಲ ಕಣ್ಣಿಗೆ ಬಿದ್ದರೂ ಸಿದ್ದವ್ವ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಗ್ಗ ನಡೆದಿದೆಯಲ್ಲ.

ಹೀಗಿರುವಾಗ ಓಣಿಯ ಮಹಿಳಾ ಸಂಘದ ಸಭೆಗೆ ಚೇತನಾ ಎಂಬ ಹುಡುಗಿ ಬಂದಳು. ಊರು ಬಾದಾಮಿ, ಓದುತ್ತಿದ್ದದ್ದು ಬಾಗಲಕೋಟೆಯಲ್ಲಿ. ವಾರಕ್ಕೊಮ್ಮೆ ಬಸ್ಸು ಹತ್ತಿ ಇಳಕಲ್ಲಿಗೆ ಬಂದು ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದಳು. ಮನಸ್ಸಿನ ಸಂಕಟ ಇದ್ದವರ ಮಾತು ಕೇಳಿ, ದಾರಿ ಕಾಣಲು ಜೊತೆಗೆ ನಿಲ್ಲುವ ಕೆಲಸ ಅವಳದು. ಆಪ್ತ ಸಮಾಲೋಚನೆ ಎನ್ನುತ್ತಾರೆ ಅದಕ್ಕೆ. ಮಾತಾಡುವುದಕ್ಕೂ ಈಗ ಸಾಲಿ ಕಲಿಯಬೇಕೇನು ಎಂದು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ನಾ ಇನ್ನೂ ಕಲಿಯಾಕತ್ತೇನ್ರಿ," ಎಂದು ಚೇತನಾ ಮೊದಲಿಗೇ ಹೇಳಿಬಿಟ್ಟಳು. "ಗುಳಗಿ ಕೊಡೂದಿಲ್ಲ, ಸೂಜಿ ಮಾಡೂದಿಲ್ಲ. ನೀವು ಹೇಳಿದ್ದ ಕೇಳ್ತೇನಿ. ಅಳಬೇಕನಿಸಿದ್ರ ಅಳಬಹುದು, ಸುಮ್ನ ಕುಂದ್ರಬೇಕನಿಸಿದ್ರ ಕುಂದ್ರಬಹುದು. ಬ್ಯಾಡನಿಸಿದ್ರ ಎದ್ದು ಹೋಗಬಹುದು."

ಸಿದ್ದವ್ವ ಸುಮ್ಮನಿರುವ ಪೈಕಿಯೇ?

"ಕಲಿಯೂ ಕೈಗೆ ನಾವು ರೇಷ್ಮಿ ಸೆರಗ ಕೊಡೂದಿಲ್ಲ ತಂಗಿ. ನೀ ನೋಡಿದ್ರ ನಮ್ಮ ಮಂದಿ ಮ್ಯಾಲ ಕಲಿಯಾಕ ಬಂದಿ."

ಎಲ್ಲರೂ ನಕ್ಕರು. ಚೇತನಾಳೂ ನಕ್ಕಳು.

"ನೀವು ನೇಯೂದು ಕಲಿಯೂ ಮುಂದ ಬಾಜೂಕ ಯಾರಿದ್ರು, ಅವ್ವಾರ?"

"ನಮ್ಮತ್ತಿ. ಒಂದೆಳಿ ತಪ್ಪಿದ್ರ ತಲಿ ಮ್ಯಾಲ ಮೊಟಕತಿದ್ಲು."

ತನ್ನ ಬೆನ್ನ ಹಿಂದೆಯೂ ಹಾಗೆ ಮೊಟಕುವ ಡಾಕ್ಟರಮ್ಮ ಒಬ್ಬರು ಬಾಗಲಕೋಟೆಯಲ್ಲಿದ್ದಾರೆ ಎಂದಳು ಚೇತನಾ. ಮಾಡಿದ ಕೆಲಸವನ್ನೆಲ್ಲ, ಬಂದವರ ಹೆಸರು ಹೇಳದೆ, ಅವರ ಮುಂದೆ ಒಪ್ಪಿಸಬೇಕು. ಔಷಧ ಬೇಕಾದವರನ್ನು ಡಾಕ್ಟರ ಹತ್ತಿರ ತಾನೇ ಕರೆದೊಯ್ಯುತ್ತಾಳೆ. ಕೋಣೆಯಲ್ಲಿ ಆಡಿದ ಮಾತು ಹೊಸ್ತಿಲು ದಾಟುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಸುಮ್ಮನಿರುವುದಿಲ್ಲ, ಆಗಲೂ ಮೊದಲು ಅವರಿಗೇ ತಿಳಿಸುತ್ತಾಳೆ. ಸಿದ್ದವ್ವ ಎಲ್ಲ ಕೇಳಿಸಿಕೊಂಡು, ತಲೆ ಕೆಟ್ಟವರು ಹೋಗಲಿ, ನಮ್ಮ ಮನೆಯಲ್ಲಿ ಮಗ್ಗ ನಡೆದಿದೆ ಎಂದುಕೊಂಡು ಎದ್ದು ಬಂದಳು.

ಆ ಮನೆಗೆ ಕಂಡಿಕೆ ಸುತ್ತಿಕೊಡುತ್ತಿದ್ದವಳು ಪಕ್ಕದ ಮನೆಯ ದೌಲತಬಿ. ಕಂಡಿಕೆಯೆಂದರೆ ಹಾಸಿನ ಎಳೆಗಳ ನಡುವೆ ಓಡುವ ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿ. ಅದು ಬಿಚ್ಚುತ್ತ ಹೋದ ಹಾಗೆ ಬಟ್ಟೆ ಬೆಳೆಯುತ್ತದೆ. ಒಂದು ಮಧ್ಯಾಹ್ನ ದೌಲತಬಿ ಹೊಸ ಕಂಡಿಕೆ ಹಾಕಲು ಬುಟ್ಟಿ ತೆಗೆದವಳು ಹಾಗೇ ನಿಂತಳು. ಕಂಬಕ್ಕೊರಗಿ ತೂಕಡಿಸುತ್ತಿದ್ದ ಸಿದ್ದವ್ವನ ಭುಜ ಅಲುಗಿಸಿ ಮೆಲ್ಲಗೆ ಹೇಳಿದಳು.

"ಅಕ್ಕಾ, ಹೋದ ವಾರ ನಾ ಕೊಟ್ಟ ಕಂಡಿಕಿ ಎಲ್ಲಾ ಹಂಗ ಅದಾವ. ನಿನ್ನ ಸೊಸಿ ಏನ್ ನೇಯಾಕತ್ತಾಳ?"

ಸಪ್ಪಳವೇನೋ ಬರುತ್ತಲೇ ಇತ್ತು, ಖಟ್ ಖಟ್. ಸಿದ್ದವ್ವ ಮಂಪರಿನಲ್ಲೇ ಎದ್ದು ಮಗ್ಗದ ಬಳಿ ಹೋದಳು. ಮಹೇಶ್ವರಿ ಹಗ್ಗ ಎಳೆಯುತ್ತಿದ್ದಳು, ಲಾಳಿ ಆ ಕಡೆಗೆ ಓಡಿ ಈ ಕಡೆಗೆ ಬರುತ್ತಿತ್ತು. ಅವಳ ಕಣ್ಣು ಬೆಳಕಿಂಡಿಯ ಮೇಲಿತ್ತು. ಲಾಳಿಯಲ್ಲಿ ಕಂಡಿಕೆಯೇ ಇರಲಿಲ್ಲ. ನೀಲಿ ಬಟ್ಟೆ ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ.

"ಏನವ್ವಾ ಇದು? ಏನ್ ಮಾಡಾಕತ್ತಿ?"

"ಸಪ್ಪಳ ನಿಂತ್ರ ನೀವು ಅಂಜತೀರಿ ಅತ್ತಿ," ಎಂದಳು ಮಹೇಶ್ವರಿ, ಕೈ ನಿಲ್ಲಿಸದೆ.

ಸಿದ್ದವ್ವ ಅಲ್ಲೇ ಮಗ್ಗದ ಕುಣಿಯ ಅಂಚಿಗೆ ಕುಳಿತಳು. ಇಷ್ಟು ದಿನ ತನ್ನನ್ನು ಹಾಯಾಗಿ ಮಲಗಿಸಿದ ಸಪ್ಪಳ ಇದೇ. ಸೊಸೆ ಕಣ್ಣೆದುರಿಗೇ ಕೈ ಬಿಟ್ಟು ಹೋಗುತ್ತಿದ್ದಾಳೆ, ತಾನು ನೋಡಿಲ್ಲ. ಚೇತನಾ ಬರುವ ದಿನ ನಾಳೆಯೇ ಇದೆ ಎಂದು ದೌಲತಬಿ ನೆನಪಿಸಿದಳು. ಓಣಿಯವರು ಏನೆಂದಾರು ಎಂದು ಸಿದ್ದವ್ವನ ನಾಲಿಗೆಯ ತುದಿಗೆ ಬಂತು. ಸೊಸೆಯ ಮುಖ ನೋಡಿ ಅದನ್ನು ನುಂಗಿಕೊಂಡಳು.

ಮರುದಿನ ದವಾಖಾನೆಗೆ ಹೋದಾಗ ಚೇತನಾ ಮೊದಲು ಮಹೇಶ್ವರಿಯನ್ನೇ ಕೇಳಿದಳು, ನಿಮಗೆ ಮಾತಾಡಲು ಮನಸ್ಸಿದೆಯೇ, ಅತ್ತೆಯವರು ಒಳಗಿರಬೇಕೋ ಹೊರಗೋ ಎಂದು. ಮಹೇಶ್ವರಿ ಬಾಗಿಲ ಕಡೆ ನೋಡಿದಳು. ಸಿದ್ದವ್ವ ಹೊರಗೆ ಹೋಗಿ ಬೇವಿನ ನೆರಳಿನ ಬೆಂಚಿನ ಮೇಲೆ ಕುಳಿತಳು. ಕಿವಿಗೊಟ್ಟು ಆಲಿಸಿದರೂ ಒಳಗಿನಿಂದ ಒಂದು ಮಾತಿಲ್ಲ. ಇದೆಂಥ ಮಾತಿನ ಮದ್ದೋ ಏನೋ ಎಂದು ಗೊಣಗಿದಳು. ಹೊರಗೆ ಬಂದ ಮೇಲೆ, ಮಹೇಶ್ವರಿಯ ಒಪ್ಪಿಗೆ ಕೇಳಿಯೇ, ನಿದ್ದೆ ಮತ್ತು ಊಟ ಕೆಟ್ಟಿವೆ, ಡಾಕ್ಟರಿಗೂ ತೋರಿಸೋಣ ಎಂದಳು ಚೇತನಾ. ತೋರಿಸಿದರು. ಸೊಸೆ ಉಳಿದದ್ದು ಏನು ಹೇಳಿದಳು ಎಂದು ಸಿದ್ದವ್ವ ಕೆದಕಿದಳು.

"ಅದು ಅಕಿ ಮಾತು ಅವ್ವಾರ. ಹೇಳಿದ್ರ ಅಕೀನ ಹೇಳಬೇಕು."

ಸಿದ್ದವ್ವನಿಗೆ ಸಿಟ್ಟು ಬಂತು. ಆದರೆ ಮನೆಯ ದಾರಿಯಲ್ಲಿ ಅದು ಕರಗಿತು. ಒಬ್ಬರು ಸೀನಿದರೆ ಓಣಿಗೆಲ್ಲ ಗೊತ್ತಾಗುವ ಊರಲ್ಲಿ, ಈ ಹುಡುಗಿಯ ಬಾಯಿ ಗಟ್ಟಿಯಿದೆ ಎನಿಸಿತು.

ವಾರಗಳು ಕಳೆದವು. ಮಹೇಶ್ವರಿ ಒಮ್ಮೆ ಅತ್ತು ಬರುತ್ತಿದ್ದಳು, ಒಮ್ಮೆ ಸುಮ್ಮನೆ ಬರುತ್ತಿದ್ದಳು. ಒಂದು ದಿನ ಚೇತನಾ ಸಿದ್ದವ್ವನನ್ನೂ ಒಳಗೆ ಕರೆದಳು. ಮಹೇಶ್ವರಿ ನಿಮ್ಮನ್ನೊಂದು ಮಾತು ಕೇಳಬೇಕಂತೆ, ನಾನು ಬರೀ ಜೊತೆಗಿರುತ್ತೇನೆ ಎಂದಳು. ಚಾವಣಿಯ ಪಂಖ ನಿಧಾನಕ್ಕೆ ತಿರುಗುತ್ತಿತ್ತು.

"ಅತ್ತಿ, ಕೂಸು ಹೆಂಗಿತ್ತು?"

ಸಿದ್ದವ್ವ ಚೇತನಾಳ ಮುಖ ನೋಡಿದಳು. ಚೇತನಾ ಅವಸರ ಮಾಡಲಿಲ್ಲ, ಮಾತು ಮರೆಸಲಿಲ್ಲ. ಸಿದ್ದವ್ವ ಸೊಸೆಯ ಕಡೆ ತಿರುಗಿದಳು.

"ತಲಿ ತುಂಬ ಕೂದಲಿತ್ತವ್ವಾ. ಮೂಗು ನಿಂದ. ಮುಷ್ಟಿ ಹಿಡಿದಿತ್ತು, ನಾ ಬಿಡಿಸಿ ನೋಡಿದೆ. ಉದ್ದುದ್ದ ಬೆರಳು, ನಿನ್ನಂಗ. ಮಲಗಿದಂಗ ಇತ್ತು."

"ನನ್ನ ಹಸರ ಸೀರಿ ಯಾಕ ಕತ್ತರಿಸಿದ್ರಿ? ಅದರ ಗುರ್ತೂ ಇರಬಾರದು ಅಂತೇನು?"

"ಹುಚ್ಚಿ," ಎಂದಳು ಸಿದ್ದವ್ವ. "ನೀ ನೇಯ್ದಷ್ಟು ಕತ್ತರಿಸಿ, ಅದರಾಗ ಸುತ್ತಿ ಕಳಿಸಿದೆ. ಬರಿಗೈಲೆ ಕಳಸಲಿಲ್ಲವ್ವಾ. ಅವ್ವ ನೇಯ್ದದ್ದ ಹೊದ್ಕೊಂಡ ಹೋತು."

ಅತ್ತೆ ಸೊಸೆ ಇಬ್ಬರೂ ಅತ್ತರು. ಒಬ್ಬರ ಸೆರಗಿನಲ್ಲಿ ಒಬ್ಬರ ಕಣ್ಣೀರು. ಚೇತನಾಳ ಕಣ್ಣುಗಳೂ ಒದ್ದೆಯಾಗಿದ್ದವು, ಆದರೆ ಅವಳು ಕೂತಲ್ಲೇ ಕೂತಿದ್ದಳು.

ಅಂದು, ಮರುದಿನ, ಇನ್ನೂ ಕೆಲವು ದಿನ ಆ ಮನೆಯ ಮಗ್ಗ ನಿಂತೇ ಇತ್ತು. ಓಣಿಯವರು ಕೇಳಿದರು. ನನ್ನ ಸೊಸೆಗೆ ದುಃಖ ಆಗಿದೆ, ಸಾವಕಾಶ ಆಗಲಿ ಎಂದಳು ಸಿದ್ದವ್ವ, ತಲೆ ತಗ್ಗಿಸದೆ. ದೌಲತಬಿ ಬಂದು ಕೂಸಿನ ಮಾತು ಕೇಳಿಸಿಕೊಂಡು ಹೋದಳು. ವಿಜಯಮಹಾಂತೇಶನೂ ಮಣ್ಣು ಕೊಟ್ಟ ಜಾಗವನ್ನು ಹೆಂಡತಿಗೆ ತೋರಿಸಿಕೊಂಡು ಬಂದ. ಮಹೇಶ್ವರಿ ಚೇತನಾಳ ಕೋಣೆಗೆ ಹೋಗುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಮತ್ತೆ ಸಪ್ಪಳ ಎದ್ದಿತು. ಸಿದ್ದವ್ವ ಕಣ್ಣು ಮುಚ್ಚಲಿಲ್ಲ. ಎದ್ದು ಹೋಗಿ ಬಗ್ಗಿ ನೋಡಿದಳು. ಲಾಳಿಯಲ್ಲಿ ಕಂಡಿಕೆ ಇತ್ತು. ನೀಲಿ ಬಟ್ಟೆ ಒಂದು ಗೇಣು ಬೆಳೆದಿತ್ತು.

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಲ್ಲ ಕೆಲಸ ಮಾಡುತ್ತ, ಒಳಗೊಳಗೇ ಬರಿದಾಗುತ್ತಿರುವವರು ಇರಬಹುದು. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆನ್ನುವ ಮಾತು ಬಂದರೆ ತಡಮಾಡದೆ ದವಾಖಾನೆಗೆ ಕರೆದುಕೊಂಡು ಹೋಗಿ. ಅಲ್ಲಿ ಕೂತವರು ಇನ್ನೂ ಕಲಿಯುತ್ತಿರುವವರಾದರೆ, ನಿಮ್ಮ ಬೆನ್ನ ಹಿಂದೆ ಯಾರಿದ್ದಾರೆ, ನನ್ನ ಮಾತು ಗುಟ್ಟಾಗಿ ಇರುತ್ತದೆಯೇ ಎಂದು ಧೈರ್ಯವಾಗಿ ಕೇಳಿ. ಕೇಳುವ ಹಕ್ಕು ನಿಮ್ಮದು. ಮನಸ್ಸಿನ ನೋವಿಗೆ ನಾಚಿಕೆ ಪಡಬೇಕಾಗಿಲ್ಲ. ಮಗ್ಗ ನಡೆದಿದೆಯಲ್ಲ ಎಂದು ಕಂಬಕ್ಕೊರಗಿ ಕಣ್ಣು ಮುಚ್ಚಬೇಡಿ. ಇವತ್ತೇ ಎದ್ದು ಹೋಗಿ, ಲಾಳಿಯಲ್ಲಿ ನೂಲಿದೆಯೇ ನೋಡಿ.