ಎಂಟನೆಯ ಬೋಲ್ಟು

"ಇನ್ನೊಂದೀಟು ಬಿಗೀರಿ, ಕುತ್ತಿಗಿ ವಾಲಾಕತ್ತದ," ಎಂದ ಧರ್ಮಣ್ಣ, ಸತ್ತವನ ಹಳೆಯ ಗೆಳೆಯ.

ಪುಣೆಯ ಬಿಬವೇವಾಡಿಯ ಆ ಹಳೆಯ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ನಾಲ್ಕು ಸ್ಕೂಟರ್ ಸರಿಸಿ ಮಾಡಿದ ಜಾಗದಲ್ಲಿ, ಗೂಳಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ ಬಿಳಿ ಪಂಚೆಯಿಂದ ಅದರ ಬೆನ್ನಿಗೆ ಕಟ್ಟುತ್ತಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಕಪ್ಪು ಶಾಯಿ. ಹೆಂಡತಿ ಕಲ್ಲವ್ವ ನಿಂಬೆಹೋಳು ಹಿಡಿದು ಇನ್ನೂ ಅದನ್ನೇ ತಿಕ್ಕುತ್ತಿದ್ದಳು.

"ಬಿಡ್ರಿ ವೈನಿ, ಅದು ಹೋಗೂದಿಲ್ಲ," ಎಂದ ಧರ್ಮಣ್ಣ.

"ಹೋಗಲಿಕ್ಕೇ ಬೇಕು. ಹಿಂಗ ಕಳಸೂದ ಹೆಂಗ?"

ಆಗಲೇ ಗೇಟಿನೊಳಗೆ ಆಳೆತ್ತರದ ಹೂಚಕ್ರ ಬಂತು. ಅದರ ರಿಬ್ಬನ್ನಿನ ಮೇಲೆ ಬೆಳ್ಳಿಬಣ್ಣದ ಆಕಾಶನೌಕೆ. ಎರಡನೇ ಮಹಡಿಯ ಮುದುಕರು ಧರ್ಮಣ್ಣನ ಕಿವಿಗೆ ಬಾಗಿದರು. "ಗೂಳಪ್ಪನೋರು ವಿಮಾನದ ಕಂಪನ್ಯಾಗ ಇದ್ರೇನ್ರಿ?"

"ಇಲ್ರಿ. ಚಿತ್ರದ ಪುಸ್ತಕ ಬರೀತಿದ್ದ."

"ಈ ವಯಸ್ಸಿನ್ಯಾಗ?"

ಹೂಚಕ್ರದ ಹಿಂದೆ ಇದ್ದವನು ವಿಕಾಸ, ಗೂಳಪ್ಪನಿಗೆ ಕೆಲಸ ಕೊಡುತ್ತಿದ್ದ ಸ್ಟುಡಿಯೋದ ಮ್ಯಾನೇಜರ್. ದೇಹಕ್ಕೆ ಕೈಮುಗಿದ. ಕಲ್ಲವ್ವನ ಕಾಲು ಮುಟ್ಟಿದ. ಮಗಳು ಮಾಧುರಿಯ ಹತ್ತಿರ ಬಂದು ಮರಾಠಿಯಲ್ಲಿ ಸಣ್ಣ ದನಿ ತೆಗೆದ.

"ಇವತ್ತು ಕೇಳಬಾರದು, ಗೊತ್ತು. ಕೊನೆಯ ಎಂಟು ಪುಟ ಮೇಲೆ ಮನೆಯಲ್ಲೇ ಇವೆ ಅಲ್ಲವಾ?"

* * *

'ಏಳನೇ ಕಕ್ಷೆ' ಎಂಬ ವಿದೇಶದ ಧಾರಾವಾಹಿ ಮೂವತ್ತೊಂಬತ್ತು ವರ್ಷದಿಂದ ಮುಗಿದಿರಲಿಲ್ಲ. ನಾಯಕರು ಸತ್ತರು, ನಟರು ಮುದುಕರಾದರು, ನೌಕೆ ಮಾತ್ರ ಹಾರುತ್ತಲೇ ಇತ್ತು. ಅದರ ಜೊತೆಗೆ ತಿಂಗಳಿಗೊಂದು ಕಾಮಿಕ್ಸ್. ಹದಿನಾರು ವರ್ಷದಿಂದ ಅದರ ಶಾಯಿ ಕೆಲಸವೆಲ್ಲ, ಪೆನ್ಸಿಲ್ ಗೆರೆಯ ಮೇಲೆ ಶಾಯಿಯಿಂದ ತಿದ್ದುವುದು, ಪುಣೆಯಲ್ಲಿ, ಗೂಳಪ್ಪನ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ನಡೆಯುತ್ತಿತ್ತು.

ಪೆನ್ಸಿಲ್ಲಿನ ಹಾಳೆಗಳು ಹೊರದೇಶದಿಂದ ಬರುತ್ತಿದ್ದವು. ಮುಖ, ಬಟ್ಟೆ, ಚುಕ್ಕಿ ಎಲ್ಲಾ ಇರುತ್ತಿತ್ತು. ನೌಕೆಯ ಎಂಜಿನ್ ಬರುವ ಕಡೆ ಮಾತ್ರ ಬರೀ ಚೌಕ, ಅದರೊಳಗೆ 'ಇಲ್ಲಿ ಯಂತ್ರ' ಎಂಬ ಒಂದು ಸಾಲು. ಆ ದೊಡ್ಡ ಚಿತ್ರಕಾರರಿಗೆ ಯಂತ್ರ ಗೊತ್ತಿರಲಿಲ್ಲ. ಗೂಳಪ್ಪನಿಗೆ ಗೊತ್ತಿತ್ತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದವನು, ಕಂಪ್ಯೂಟರ್ ಬಂದ ಮೇಲೆ ಬೇಡವಾದವನು. ಚೌಕದೊಳಗೆ ಅವನು ಭೋಸರಿಯ ತಗಡು ಒತ್ತುವ ಪವರ್ ಪ್ರೆಸ್ ಕೂರಿಸಿದ. ಕೈ ಸಿಕ್ಕದಂತೆ ತಡೆಯುವ ಅದರ ಗಾರ್ಡಿಗೆ ಏಳು ಬೋಲ್ಟು. ಎಂಟನೆಯ ಜಾಗದಲ್ಲಿ ಖಾಲಿ ತೂತು.

ಆ ಎಂಜಿನ್ ಸಿನೆಮಾಕ್ಕೆ ಹೋಯಿತು, ಆಟಿಕೆಯಾಯಿತು. ತೂತಿನ ಬಗ್ಗೆ ಅಭಿಮಾನಿಗಳು ಪುಟಗಟ್ಟಲೆ ವಾದಿಸಿದರು. ಕೊನೆಗೆ ಕಂಪನಿಯ ಒಬ್ಬ ಲೇಖಕ, ಸತ್ತ ಕ್ಯಾಪ್ಟನ್ನನ ನೆನಪಿಗೆ ಬಿಟ್ಟ ಜಾಗ ಅದು ಎಂದು ಕತೆ ಕಟ್ಟಿದ. ಅದಕ್ಕೆ ಬಹುಮಾನವೂ ಬಂತು. ಪುಸ್ತಕದ ಮೊದಲ ಪುಟದಲ್ಲಿ ಹನ್ನೊಂದು ಹೆಸರು ಇರುತ್ತಿದ್ದವು, ಕಾಫಿ ತಂದುಕೊಟ್ಟವನದೂ ಇತ್ತೇನೋ. ಗೂಳಪ್ಪ ಪ್ರತಿ ತಿಂಗಳು ಕನ್ನಡಕ ಹಾಕಿಕೊಂಡು ಆ ಹನ್ನೊಂದನ್ನೂ ಓದುತ್ತಿದ್ದ. ಓದಿ ಪುಸ್ತಕವನ್ನು ಕಪಾಟಿನಲ್ಲಿಡುತ್ತಿದ್ದ.

"ಈ ಸಲಾನೂ ಇಲ್ಲೇನು?" ಎಂದು ಕಲ್ಲವ್ವ ಒಳಗಿನಿಂದ ಕೇಳುತ್ತಿದ್ದಳು.

"ಮುಂದಿನ ಸಲ ನೋಡೂಣು."

* * *

ಪುಟಗಳನ್ನು ಮಾಧುರಿ ಕೆಳಗೆ ತಂದಳು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅವಳಿಗೆ ಶಾಯಿಯ ಕೆಲಸ ಅಪ್ಪನಿಂದಲೇ ಬಂದದ್ದು. ಹೂಚಕ್ರದ ಪಕ್ಕ, ಒಂದು ಸ್ಕೂಟರಿನ ಸೀಟಿನ ಮೇಲೆ ವಿಕಾಸ ಕೊನೆಯ ಹಾಳೆ ಹರಡಿದ. ಎಲ್ಲ ಗೆರೆಯೂ ಮುಗಿದಿತ್ತು. ತೂತು ತೂತಾಗಿಯೇ ಇತ್ತು.

"ಇದೊಂದು ಬೋಲ್ಟ್ ಹಾಕಬೇಕು," ಎಂದ ವಿಕಾಸ. "ಅಂಕಲ್‌ಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಹೂಂ ಅಂದರು, ಹಾಕಲಿಲ್ಲ. ಆಟಿಕೆ ಕೊಂಡವರು ಒಂದು ಭಾಗ ಬಿದ್ದುಹೋಗಿದೆ ಅಂತ ವಾಪಸ್ ಕಳಿಸುತ್ತಿದ್ದಾರೆ. ಇನ್ನುಮುಂದೆ ಎಂಟೂ ಇರಬೇಕಂತೆ."

"ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ."

"ನಲವತ್ತನೇ ವರ್ಷದ ಪ್ರದರ್ಶನಕ್ಕೆ ಈ ಹಾಳೆಯೇ ಹೋಗುತ್ತದೆ. ಕೈಯ ಗೆರೆಯೇ ಬೇಕು. ನಿಮ್ಮ ಕೈ ಅಂಕಲ್ ಕೈಯಂತೆಯೇ ಇದೆ." ಅವನು ಚೀಲದಿಂದ ಒಂದು ಕಾಗದ ತೆಗೆದ. "ಮೇಲಿನವರ ಜೊತೆ ರಾತ್ರಿಯೆಲ್ಲ ಜಗಳವಾಡಿ ಒಪ್ಪಿಸಿದ್ದೇನೆ. ಬೋಲ್ಟ್ ಹಾಕಿ, ಎಂಜಿನ್ನಿನ ಕಲ್ಪನೆ ಕಂಪನಿಯದು ಅಂತ ಇಲ್ಲೊಂದು ಸಹಿ ಮಾಡಿ. ಮೊದಲ ಪುಟದಲ್ಲಿ ಅಂಕಲ್ ಹೆಸರು ಬರುತ್ತದೆ. ಫೋಟೋ ಸಮೇತ."

ಕಲ್ಲವ್ವ ನಿಂಬೆಹೋಳು ಕೆಳಗಿಟ್ಟಳು. "ಹೆಸರು ಹಾಕತಾರಂತ?"

"ಹಾಕತಾರಂತವ್ವಾ. ಒಂದು ಬೋಲ್ಟು ಬರದ್ರ."

"ಬರದು ಕೊಡವ್ವಾ ಮತ್ತ! ಹದಿನಾರು ವರ್ಷ ಕಾಯ್ದಾನ ಮನಶಾ. ಇವತ್ತರ ಬರ್ಲಿ."

ಮಾಧುರಿ ಮೇಲಿನಿಂದ ಅಪ್ಪನ ನಿಬ್ಬು, ಶಾಯಿಬಾಟಲಿ ತಂದಳು. ಅದ್ದಿದಳು. ಆಮೇಲೆ ಧರ್ಮಣ್ಣನ ಕಡೆ ತಿರುಗಿದಳು. "ಕಾಕಾ, ಅಪ್ಪ ಇದನ್ನ ಯಾಕ ಬಿಡತಿದ್ದ? ಕೇಳಿದ್ರ ಸಿಟ್ಟಿಗೇಳತಿದ್ದ."

ಭೋಸರಿಯಲ್ಲಿ ಚಹಾದ ಗಾಡಿ ಇಟ್ಟಿರುವ ಧರ್ಮಣ್ಣ ಬಲಗೈಯನ್ನು ಟವೆಲಿನಡಿಯಿಂದ ತೆಗೆದ. ಹೆಬ್ಬೆರಳು, ತೋರುಬೆರಳು. ಮುಂದೆ ಏನೂ ಇಲ್ಲ.

"ಆ ಪ್ರೆಸ್ ಮ್ಯಾಲ ನಾನ ಇದ್ದೆ."

* * *

ಮೂವತ್ತು ವರ್ಷದ ಹಿಂದೆ ಆ ಪ್ರೆಸ್ಸಿನ ಗಾರ್ಡಿಗೆ ಒಂದು ಬೋಲ್ಟು ಇರಲಿಲ್ಲ. ಗಾರ್ಡು ಅಲುಗಾಡುತ್ತಿತ್ತು. ಡ್ರಾಯಿಂಗಿನ ಮೇಲೆ ಗೂಳಪ್ಪ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿ ಮೇಲೆ ಕಳಿಸಿದ್ದ. ಈ ಆರ್ಡರ್ ಮುಗಿಯಲಿ ಎಂದರು. ಆರ್ಡರ್ ಮುಗಿಯುವ ಮುಂಚೆ ಗಾರ್ಡು ಸರಿಯಿತು, ಧರ್ಮಣ್ಣನ ಮೂರು ಬೆರಳು ಹೋದವು.

ವಿಚಾರಣೆಯ ಹಿಂದಿನ ದಿನ ಸಾಹೇಬರು ಗೂಳಪ್ಪನನ್ನು ಕರೆದು ಹೊಸ ಟ್ರೇಸಿಂಗ್ ಹಾಳೆ ಕೊಟ್ಟರು. "ಯಂತ್ರ ಹೆಂಗಿರಬೇಕೋ ಹಂಗ ತೆಗಿ."

ಮಾಧುರಿ ಆಗ ತೊಟ್ಟಿಲಲ್ಲಿದ್ದಳು. ಗೂಳಪ್ಪ ಎಂಟನೆಯ ಬೋಲ್ಟನ್ನು ಬಹಳ ಚೆನ್ನಾಗಿ ಬರೆದ, ಆರು ಮೂಲೆಯೂ ಒಪ್ಪವಾಗಿ. ಆ ಹಾಳೆ ನೋಡಿ, ತಪ್ಪು ಕೆಲಸಗಾರನದೇ ಎಂದು ತೀರ್ಪಾಯಿತು.

* * *

"ಅಂವಾ ಬಂದು ಹೇಳಲಿಕ್ಕೆ ಎಂಟು ವರ್ಷ ತೊಗೊಂಡ," ಎಂದ ಧರ್ಮಣ್ಣ. "ನಾ ಅವತ್ತ ಕಪಾಳಕ್ಕ ಒಂದು ಕೊಟ್ಟೆ. ಎರಡ ಬೆರಳಿನ ಏಟು, ಅದೇನು ಹತ್ತೀತು? ಆಮ್ಯಾಲೆ ಚಹಾ ಮಾಡಿ ಕೊಟ್ಟೆ. ಹಾಕವ್ವಾ ನೀ. ನನಗೇನೂ ಇಲ್ಲ. ನನ್ನ ಬೆರಳು ಬರೂದಿಲ್ಲ, ಅವನ ಹೆಸರರ ಬರ್ಲಿ."

ನಿಬ್ಬಿನ ತುದಿಯಲ್ಲಿ ಶಾಯಿ ದಪ್ಪವಾಗಿ ನಿಂತಿತ್ತು. ಮಾಧುರಿ ಹಾಳೆಯ ಮೇಲೆ ಬಾಗಿದಳು. ಹೊರಗೆ ಶವದ ಗಾಡಿಯವನು ಹಾರ್ನ್ ಒತ್ತಿದ.

ಅವಳು ನಿಬ್ಬನ್ನು ಚಿಂದಿಗೆ ಒರೆಸಿದಳು.

"ಒಯ್ಯಿರಿ," ಎಂದಳು ಮರಾಠಿಯಲ್ಲಿ. "ಯಾರ ಕೈಯಲ್ಲಾದರೂ ಹಾಕಿಸಿಕೊಳ್ಳಿ. ಈ ಮನೆಯ ಕೈ ಒಂದು ಸಲ ಹಾಕಿದ್ದು ಸಾಕು."

"ಹೆಸರು ಬರುವುದಿಲ್ಲ, ತಾಯಿ. ನನ್ನ ಕೈಯಲ್ಲಿ ಏನೂ ಇಲ್ಲ."

"ನಿಮ್ಮ ಹೆಸರು ಬರುತ್ತದಾ?"

ವಿಕಾಸ ಹಾಳೆಗಳನ್ನು ಸುರುಳಿ ಸುತ್ತಿ ಕೊಳವೆಗೆ ತುರುಕಿದ. ಗೇಟಿನ ಹೊರಗೇ ಅವನ ಫೋನು ಬಡಿದುಕೊಂಡಿತು. ಯಾರಿಗೋ ಹೇಳುತ್ತಿದ್ದ, ಸ್ಟುಡಿಯೋದಲ್ಲಿ ಹುಡುಗಿ ಒಬ್ಬಳಿದ್ದಾಳೆ, ಸಂಜೆಯೊಳಗೆ ಹಾಕಿಕೊಡುತ್ತಾಳೆ ಎಂದು.

ಅದು ಎಲ್ಲರಿಗೂ ಕೇಳಿಸಿತು. ಕಲ್ಲವ್ವ ಮಗಳನ್ನು ನೋಡಲಿಲ್ಲ. "ಕೊಟ್ಟಿದ್ರ ಬರತಿತ್ತು," ಎಂದಳು. ನಿಂಬೆಹೋಳು ಎತ್ತಿಕೊಂಡು, ಗಂಡನ ಉಗುರು ಹುಡುಕಿ, ತಿಕ್ಕದೆ ಹಾಗೇ ಬಿಟ್ಟಳು.

ರುದ್ರಭೂಮಿಯಲ್ಲಿ ಕುಣಿ ತಯಾರಿತ್ತು. ಗೂಳಪ್ಪನನ್ನು ಇಳಿಸಿ ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿದರು, ಮೇಜಿನ ಮುಂದೆ ಕೂತ ಹಾಗೆಯೇ. ವಿಭೂತಿ ಬಿತ್ತು, ಬಿಲ್ವಪತ್ರೆ ಬಿತ್ತು.

"ಮಣ್ಣು ಹಾಕ್ರಿ, ಬಲಗೈಲೆ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಧರ್ಮಣ್ಣ ಬಾಗಿ ಒಂದು ಹಿಡಿ ಎತ್ತಿದ. ಕುಣಿಯ ಅಂಚಿಗೆ ಬರುವಷ್ಟರಲ್ಲಿ ಮೂರು ಬೆರಳಿಲ್ಲದ ಕಡೆಯಿಂದ ಮಣ್ಣೆಲ್ಲ ಸೋರಿ ಅವನ ಚಪ್ಪಲಿಯಿಲ್ಲದ ಕಾಲ ಮೇಲೆ ಬಿತ್ತು. ಹಿಂದಿನವರು ಕಾದರು. ಅವನು ಮತ್ತೆ ಬಾಗಿ ಇನ್ನೊಂದು ಹಿಡಿ ಎತ್ತಿದ.