ಜಾಮ್ ಬಾಟಲಿಯ ದೀಪ

"ಹಾಗೆ ಕೀಳ್ಬೇಡ ಕಣೇ! ಮೊದ್ಲು ಶಟ್‌ಡೌನ್ ಮಾಡ್ಬೇಕು. ಇಲ್ದಿದ್ರೆ ಒಳಗಿನ ಮೆಮರಿ ಕಾರ್ಡ್ ಕೆಟ್ಟುಹೋಗುತ್ತೆ!"

ಮಾರ್ಯಳ ಕೈ ಕಿಟಕಿಕಟ್ಟೆಯ ಮೇಲಿದ್ದ ಜಾಮ್ ಬಾಟಲಿ ದೀಪದ ಪ್ಲಗ್ಗಿನ ಮೇಲೇ ಇತ್ತು. "ಅಪ್ಪನ್ನೇ ಮಣ್ಣು ಮಾಡಿ ಬಂದಿದೀವಿ, ಆರ್ವೊ ಅಂಕಲ್. ಅವನ ಕಾರ್ಡ್ ಇದ್ರೆಷ್ಟು, ಹೋದ್ರೆಷ್ಟು?"

ಕಾಫಿ ಕುಡಿದು, ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ತಿಂದು ಜನ ಹೊರಟುಹೋಗಿದ್ದರು. ಅವಳ ಗಂಡ ಗ್ಲೆನ್ ನಾಯಿಗೆ ಊಟ ಹಾಕಿ ಬರುತ್ತೇನೆಂದು ಥಂಡರ್ ಬೇ ಊರಿನ ಇನ್ನೊಂದು ತುದಿಯಲ್ಲಿದ್ದ ತಮ್ಮ ಮನೆಗೆ ಹೋಗಿದ್ದ. ಉಳಿದವನು ಆರ್ವೊ ಒಬ್ಬನೇ. ಅವನೂ ಮಾರ್ಯಳ ಸತ್ತ ಅಪ್ಪ ರೆಯೊನೂ ಈ ಮನೆಯ ನೆಲಮಾಳಿಗೆಯಲ್ಲಿ ಬೆಸುಗೆಯ ಹೊಗೆ ಕುಡಿದೇ ಮುದುಕರಾದವರು. ಇಸ್ಪೀಟೆಲೆಯಷ್ಟಗಲದ ಅಗ್ಗದ ಕಂಪ್ಯೂಟರು ತಂದು, ಅಳಿಲು ಬಂದರೆ ಗಂಟೆ ಹೊಡೆಯುವ ಹಕ್ಕಿಗೂಡು, ತಾನೇ ನೀರು ಹಾಕಿಕೊಳ್ಳುವ ಟೊಮೇಟೊ ಕುಂಡ, ಏನೇನೋ ಮಾಡುತ್ತಿದ್ದರು. ಅರ್ಧ ಕೆಡುತ್ತಿದ್ದವು. ರಿಪೇರಿಯೇ ಅವರಿಗೆ ಹಬ್ಬ.

"ಅಮ್ಮ ಮೇಲೆ ಉಸಿರಿಗೆ ಒದ್ದಾಡ್ತಿದ್ಲು. ಅಪ್ಪ ಕೆಳಗೆ ಕೂತು ಉಸಿರು ಅಳೆಯೋ ಡಬ್ಬಿಗೆ ವೈರ್ ಸುತ್ತುತಿದ್ದ. ಅವಳು ಸತ್ತಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ."

"ಬೈಯಮ್ಮ, ಬೈಯಿ. ಆದ್ರೂ ದಿನಾ ಸಂಜೆ ಈ ದೀಪ ಹತ್ತಿಸ್ತಿದ್ಯಲ್ಲ. ನೀಲಿ ಕಂಡ ಮೇಲೇ ಅವನು ಊಟಕ್ಕೆ ಕೂರ್ತಿದ್ದ. 'ಮಾರ್ಯ ಮನೆ ಸೇರಿದ್ಲು' ಅಂತ ತಾನೂ ತಿರುಗಿ ಮುಟ್ಟೋನು."

"ಯಾರು? ನಾನಾ?"

*

ಮಾರ್ಯಳ ತಾಯಿ ಸತ್ತ ಮರುತಿಂಗಳು ರೆಯೊ ಜಾಮ್ ಬಾಟಲಿಯೊಂದನ್ನು ಹಿಡಿದು ಮಗಳ ಬಾಗಿಲಿಗೆ ಬಂದಿದ್ದ. ತಪ್ಪಾಯಿತು ಎನ್ನಲು ಆ ಪ್ರಾಣಿಗೆ ಬಾಯಿ ಬರುತ್ತಿರಲಿಲ್ಲ. ಬರುತ್ತಿದ್ದುದು ಬೆಸುಗೆ ಮಾತ್ರ.

"ಇದರ ಜೋಡಿ ನನ್ನ ಹತ್ರ ಇದೆ. ಮನೆಗೆ ಬಂದಾಗ ಮುಚ್ಚಳ ಮುಟ್ಟು, ಅಲ್ಲಿ ನೀಲಿ ಹತ್ತುತ್ತೆ. ನಾನು ಮುಟ್ಟಿದ್ರೆ ಇಲ್ಲಿ ಹಳದಿ."

"ಮನುಷ್ಯರ ಥರ ಮಾತಾಡೋಕೆ ಬರಲ್ವಾ ನಿನಗೆ?"

ಅವನು ತನ್ನ ಬೂಟು ನೋಡಿಕೊಂಡು ನಿಂತ. ಅವನ ಕಾರು ತಿರುವು ದಾಟಿದ ಮೇಲೆ ಅವಳು ಬಾಟಲಿಯನ್ನು ಗ್ಲೆನ್‌ನ ಕೈಗೆ ತುರುಕಿದಳು. "ಕಸಕ್ಕೆ ಹಾಕು."

ಆಮೇಲೆ ಅಪ್ಪನ ಜೊತೆ ಅವಳು ಮಾತಾಡಲಿಲ್ಲ.

*

"ನಾನು ಒಂದು ದಿನಾನೂ ಮುಟ್ಟಿಲ್ಲ," ಎಂದಳು ಮಾರ್ಯ.

"ಮತ್ತೆ ಮುಟ್ಟಿದ್ದು ದೆವ್ವವಾ?"

ಅಷ್ಟರಲ್ಲಿ ಕಿಟಕಿಕಟ್ಟೆಯ ಬಾಟಲಿ ನೀಲಿಯಾಗಿ ಹೊತ್ತಿಕೊಂಡಿತು. ಗ್ಲೆನ್ ಮನೆ ಸೇರಿದ್ದ.

ಮಾರ್ಯಳ ಮುಖ ಕೆಂಪೇರಿತು. "ನನ್ನ ಹೆಸರಲ್ಲಿ! ಅಯ್ಯೋ ಪಾಪಿ, ಇಷ್ಟು ವರ್ಷ ನನ್ನ ಹೆಸರಲ್ಲಿ! ಹಾಗಾದ್ರೆ ನನ್ನ ಸಿಟ್ಟು ಅಪ್ಪನಿಗೆ ಗೊತ್ತೇ ಆಗ್ಲಿಲ್ವಾ?"

"ಕರಗಿತು ಅಂದ್ಕೊಂಡಿದ್ದ ಕಣಮ್ಮ," ಎಂದು ಆರ್ವೊ ಕೋಟು ಎತ್ತಿಕೊಂಡ. "ನೆಮ್ಮದಿಯಾಗಿ ಸತ್ತ."

ಅವಳು ಮುಷ್ಟಿ ಬಿಗಿದು ಬಾಟಲಿಯ ಮುಚ್ಚಳಕ್ಕೆ ಗುದ್ದಿದಳು.

ಊರಿನ ಆ ತುದಿಯಲ್ಲಿ, ಬಟ್ಟೆ ಒಗೆಯುವ ಮಷಿನ್ನಿನ ಹಿಂದೆ ಬಚ್ಚಿಟ್ಟಿದ್ದ ಬಾಟಲಿ ಹಳದಿಯಾಗಿ ಬೆಳಗಿತು. ನಾಯಿಯ ಬಟ್ಟಲು ಹಿಡಿದು ನಿಂತಿದ್ದ ಗ್ಲೆನ್ ಅದನ್ನೇ ನೋಡಿದ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು ಟೋಪಿ ತೆಗೆದ.