ವೀಳ್ಯ ಹಿಡಿಯುವ ಕೈ

ಬಾಗಲಕೋಟೆಯ ನವನಗರದ ಮನೆಯಿಂದ ಗಾಡಿ ಹೊರಡುವ ಮೊದಲೇ ಮಹಾಂತೇಶ ಹುಚ್ಚೇಶನನ್ನು ಗೇಟಿನಾಚೆ ಕರೆದು ಹೇಳಿದ್ದ: "ನೋಡಪಾ, ಈ ತಿರುಗಾಟ ಮುಗಿಯೂತನಕ ನನ್ನ ಕಾಕಾ ಅನಬ್ಯಾಡ. ಸರ್ ಅನ್ನು. ಆ ಹುಡುಗಿ ಮುಂದ ಸಂಬಂಧದ ಮಾತು ತಗೀಬ್ಯಾಡ."

ಹುಚ್ಚೇಶ ಗೋಣು ಹಾಕಿದ. ಮಹಾಂತೇಶ ಅವನ ಸತ್ತ ಅಪ್ಪನ ಒಡಹುಟ್ಟಿದ ತಮ್ಮ. ಇಳಕಲ್ಲಿನ ಒಂದೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಬೆಳೆದ ಇಬ್ಬರಲ್ಲಿ ಅಣ್ಣ ನೇಯುತ್ತಲೇ ಸತ್ತ, ಅಣ್ಣ ನೇಯ್ದದ್ದರಲ್ಲಿ ಓದಿದ ತಮ್ಮ ಕಾಲೇಜಿನ ಮಾಸ್ತರನಾದ. ಈಗ ಅವನ ಮನೆಯಲ್ಲಿ ಪೋಲೆಂಡಿನ ಮಾರ್ಟಾ ಎಂಬ ಹದಿನೇಳರ ಹುಡುಗಿ ಒಂದು ವರ್ಷ ಓದಲಿಕ್ಕೆ ಬಂದು ಇದ್ದಳು. ಅವಳನ್ನು ಕಳಿಸಿದ ಸಂಸ್ಥೆಯ ಅರ್ಜಿಯಲ್ಲಿ ಮಹಾಂತೇಶ ತಾನು ದೊಡ್ಡ ಸೀರೆ ವ್ಯಾಪಾರಿಯ ಒಬ್ಬನೇ ಮಗ ಎಂದು ಬರೆದಿದ್ದ. ಆ ಸುಳ್ಳು ಉಳಿಯಬೇಕಾದರೆ ಅಣ್ಣನ ಮಗ ಡ್ರೈವರ್ ಆಗಲೇಬೇಕಿತ್ತು.

ಹುಚ್ಚೇಶ ಒಪ್ಪಿದ್ದು ತಂಗಿ ಪ್ರೀತಿಯ ಸಲುವಾಗಿ. ಮರುದಿನ ಸಂಜೆ ಅವಳ ನಿಶ್ಚಯ. ಗುಡೂರಿನ ಬೀಗರು ವೀಳ್ಯ ತರುವವರಿದ್ದರು. ಅಪ್ಪನಿಲ್ಲದ ಹುಡುಗಿಯ ವೀಳ್ಯವನ್ನು ಅಪ್ಪನ ಮನೆತನದ ಹಿರಿಯ ಗಂಡಸೇ ಹಿಡಿಯಬೇಕು. ಲಗ್ನವಾಗದ ಅಣ್ಣನ ಕೈಗೆ ಯಾರೂ ಕೊಡುವುದಿಲ್ಲ. ಹಿರಿಯ ಅಂತ ಉಳಿದವನು ಈ ಕಾಕಾ ಒಬ್ಬನೇ. "ದಸರಾ ರಜಾದಾಗ ಮಾರ್ಟಾಗ ಬಾದಾಮಿ, ಐಹೊಳಿ ತೋರಸ್ಬೇಕು. ನೀ ಗಾಡಿ ಹೊಡಿ. ಹಂಗ ಇಳಕಲ್ಲಿಗೆ ಬಂದು ಕುಂದರ್ತೇನಿ," ಎಂದು ಮಾತು ಕೊಟ್ಟಿದ್ದ.

ಬಾದಾಮಿಯಲ್ಲಿ ಗುಹೆ ನೋಡಿ ಇಳಿದು ಊಟಕ್ಕೆ ಕೂತಾಗ ಮಾರ್ಟಾ ತಾನು ಕಲಿತ ಪುಸ್ತಕದ ಕನ್ನಡದಲ್ಲಿ ಕೇಳಿದಳು: "ಡ್ರೈವರ್ ಅಣ್ಣ ಊಟ ಮಾಡುವುದಿಲ್ಲವೇ?"

"ನಮ್ಮ ಜೋಡಿ ಕುಂತ್ರ ಅವಗ ಗಂಟಲದಾಗ ಇಳಿಯೂದಿಲ್ಲವಾ," ಎಂದಳು ಮಹಾಂತೇಶನ ಹೆಂಡತಿ ಗೀತಾಂಜಲಿ. "ಹೊರಗ ಉಂಡ್ರನ ಅವಗ ಆರಾಮ."

ಹೊರಗೆ ಬಾನೆಟ್ಟಿನ ಮೇಲೆ ರೊಟ್ಟಿ ಬಿಚ್ಚಿದ್ದ ಹುಚ್ಚೇಶನಿಗೆ ಇದು ಕೇಳಿಸಿತು. ಇದೇ ಕಾಕಿ ಹೊಸ ಮದುಮಗಳಾಗಿ ಬಂದಾಗ ಅವನ ಅವ್ವನ ತಾಟಿನಲ್ಲೇ ಉಂಡವಳು. ಆ ರಾತ್ರಿ ಅವರು ಲಾಡ್ಜಿನಲ್ಲಿ ಮಲಗಿದರು, ಅವನು ಗಾಡಿಯಲ್ಲಿ.

ಐಹೊಳೆಯ ಗುಡಿ ಮುಂದೆ ಮಾರ್ಟಾ ಫೋಟೊಗೆ ಅವನನ್ನೂ ಕೈ ಹಿಡಿದು ಎಳೆದಳು. ಮಹಾಂತೇಶ ಗುಡಿ ನೋಡಲು ಬಂದ ಮಂದಿಯೆಲ್ಲ ತಿರುಗಿ ನೋಡುವಂತೆ ಕೂಗಿದ: "ಲೇ, ಸರೀಲೇ ಆ ಕಡಿ! ಗುಡಿ ನೋಡಾಕ ಬಂದೀವಿ, ನಿನ್ನ ಮಾರಿ ನೋಡಾಕಲ್ಲ." ಹುಚ್ಚೇಶ ಸರಿದ. ಇನ್ನು ನಾಲ್ಕೇ ತಾಸು ಎಂದು ಲೆಕ್ಕ ಹಾಕಿ ಹಲ್ಲು ಕಚ್ಚಿದ.

ಹುನಗುಂದ ದಾಟಿ ಇಳಕಲ್ಲು ಬರುವಾಗ ಮಾರ್ಟಾ ಮಗ್ಗ ನೋಡಬೇಕೆಂದಳು. ಚಹಾಕ್ಕೆ ನಿಲ್ಲಿಸಿದಾಗ ಮಹಾಂತೇಶ ಹುಚ್ಚೇಶನ ಹೆಗಲ ಮೇಲೆ ಕೈ ಹಾಕಿದ. "ನಿಮ್ಮ ಮನಿಗೇ ನಡಿ. ಮಗ್ಗಾನೂ ನೋಡಿದಂಗಾತು, ವೈನಿಗೆ, ನಿಮ್ಮವ್ವಗ ಕೊಟ್ಟ ಮಾತೂ ನಡಸಿದಂಗಾತು." ಎರಡು ದಿನದ ಉರಿ ಆ ಒಂದು ಕೈಯ ಭಾರಕ್ಕೆ ಆರಿಹೋಯಿತು. ಹುಚ್ಚೇಶ ಅವರ ಚಹಾದ ಬಸಿಗಳನ್ನು ತಾನೇ ಎತ್ತಿ ಕೊಟ್ಟುಬಂದ.

ಮನೆಯಲ್ಲಿ ಗುಡೂರಿನವರು ಆಗಲೇ ಜಮಖಾನೆಯ ಮೇಲೆ ಕೂತಿದ್ದರು. ವರನ ದೊಡ್ಡಪ್ಪ ಕಲ್ಲಪ್ಪ ವೀಳ್ಯದ ತಟ್ಟೆ ಹಿಡಿದಿದ್ದ. ಅವನೆದುರಿನ ಜಾಗ ಖಾಲಿ. ಹುಚ್ಚೇಶನ ಅವ್ವ ದುರ್ಗವ್ವ ಬಾಗಿಲಿಗೆ ಓಡಿಬಂದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಹಾಂತೇಶ, "ನಮಸ್ಕಾರ್ರಿ ಅಮ್ಮಾರ. ಮಗ್ಗ ನೋಡಾಕ ಬಂದೀವಿ. ನಿಮ್ಮಲ್ಲೇನೋ ಕಾರ್ಯ ನಡದಂಗೈತಿ, ಚೊಲೋ ಆತು, ಈಕೀನೂ ನೋಡ್ತಾಳ," ಎಂದ. ಜಮಖಾನೆ ದಾಟಿ ಹೋಗಿ ಗೋಡೆಗೆ ಹಾಕಿದ್ದ ಕುರ್ಚಿಯಲ್ಲಿ ಕೂತು ಫೋನೆತ್ತಿ ವಿಡಿಯೊ ಶುರು ಮಾಡಿದ.

ದುರ್ಗವ್ವ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

"ಮತ್ತ ನಿಮ್ಮ ಮೈದುನ ಬರ್ತಾನಂದಿದ್ರಲ್ಲಬೆ? ಎಲ್ಲಿ?" ಎಂದ ಕಲ್ಲಪ್ಪ.

ಹುಚ್ಚೇಶನೇ ಮುಂದೆ ಬಂದ. "ನನ್ನ ಕೈಯಾಗ ಕೊಡ್ರಿ."

"ನೀ ಸಣ್ಣಾಂವ, ತಮ್ಮಾ. ನಿನಗ ಕೊಟ್ರ ನಮ್ಮೂರಾಗ ನಗ್ತಾರ."

ಅಷ್ಟರಲ್ಲಿ ಮಾರ್ಟಾ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ಕಂಡಳು. ಫೋಟೊ ನೋಡಿದಳು, ಮಹಾಂತೇಶನನ್ನು ನೋಡಿದಳು, ಕಣ್ಣರಳಿಸಿ ನಕ್ಕಳು. "ಅಂಕಲ್! ಇವರು ನಿಮ್ಮ ಹಾಗೆಯೇ ಇದ್ದಾರೆ! ಅದೇ ಮೂಗು!"

ಮನೆಯ ಕಣ್ಣೆಲ್ಲ ಕುರ್ಚಿಯ ಕಡೆ ತಿರುಗಿತು. ಒಂದು ಮಾತು ಸಾಕಿತ್ತು. ಎದ್ದು ಬಂದು ಕೂತಿದ್ದರೆ ಮಾತೂ ಬೇಕಿರಲಿಲ್ಲ.

ಮಹಾಂತೇಶ ಫೋನು ಇಳಿಸದೆ ನಕ್ಕ. "ಈ ಕಡಿ ಮಂದಿ ಮಾರಿ ಎಲ್ಲಾ ಒಂದ ನಮೂನಿ ಇರ್ತಾವ, ಮಾರ್ಟಾ."

ಕಲ್ಲಪ್ಪ ಕುರುಡನಲ್ಲ. ತಟ್ಟೆಗೆ ವಸ್ತ್ರ ಮುಚ್ಚಿ ಎದ್ದ. "ಒಡಹುಟ್ಟಿದಾಂವನೇ ಎದುರಿಗೆ ಕುಂತು ಅಲ್ಲಂತಾನಂದ್ರ ಈ ಮನ್ಯಾಗ ಏನೋ ಐತಿ. ನಾವು ಬರ್ತೇವಬೆ." ಬಡಿಸಲು ತಂದ ಹೋಳಿಗೆಯನ್ನು ಮುಟ್ಟದೆ ಗುಡೂರಿನವರೆಲ್ಲ ಹೊರಟುಹೋದರು. ಹೊಸ ಸೀರೆ ಉಟ್ಟ ಪ್ರೀತಿ ಮಗ್ಗದ ಕಂಬ ಹಿಡಿದು ನಿಂತೇ ಇದ್ದಳು.

ಹುಚ್ಚೇಶ ಕುರ್ಚಿಯತ್ತ ನುಗ್ಗಿದ. ದುರ್ಗವ್ವ ಅಡ್ಡ ಬಂದು ಅವನ ಎದೆಗೆ ಎರಡೂ ಕೈ ಇಟ್ಟಳು. "ನಡಿ, ಗಾಡಿ ತಗೀ. ಸಾಹೇಬ್ರಿಗೆ ತಡಾ ಆಗ್ತೈತಿ." ಮೈದುನನಿಗೆ ಅವಳು ಸಾಹೇಬ ಎಂದದ್ದು ಅದೇ ಮೊದಲು. ಕಣ್ಣೀರು ಒರೆಸಿಕೊಳ್ಳುತ್ತಲೇ ನೆರೆಮನೆಯ ಮುತ್ತೈದೆಯ ಕೈಯಿಂದ ಗೀತಾಂಜಲಿಗೂ ಮಾರ್ಟಾಗೂ ಕುಬಸದ ಕಣ, ಅಕ್ಕಿ, ಕೊಬ್ಬರಿ ಹಾಕಿಸಿ ಉಡಿ ತುಂಬಿಸಿದಳು. ಗೀತಾಂಜಲಿ ಸೆರಗೊಡ್ಡಿ ಇಸಿದುಕೊಂಡಳು.

ಹೊರಗೆ ಗಾಡಿಯ ಬಾಗಿಲು ತೆರೆಯುತ್ತ ಮಹಾಂತೇಶ ಹುಚ್ಚೇಶನ ಕಿವಿಯಲ್ಲಿ ಪಿಸುಗುಟ್ಟಿದ: "ಬಾಯಿ ಬಿಡಬ್ಯಾಡ. ನಾಳೆ ಮುಂಜಾನೆ ಒಬ್ನ ಗುಡೂರಿಗೆ ಹೋಗಿ ಕಲ್ಲಪ್ಪನ ಕಾಲು ಹಿಡದು ಎಲ್ಲಾ ಸರಿ ಮಾಡ್ತೇನಿ. ನಿನ್ನ ಅಪ್ಪನಾಣಿ."

ದಾರಿಯಲ್ಲಿ ಮಾರ್ಟಾ ಮಹಾಂತೇಶನ ಫೋನು ಇಸಿದುಕೊಂಡು ವಿಡಿಯೊ ಮತ್ತೆ ನೋಡಿದಳು. "ಆ ತಾಯಿ ಏಕೆ ಅಳುತ್ತಿದ್ದರು?"

"ನಿಶ್ಚಯದಾಗ ಅಳೂದು ನಮ್ಮ ಪದ್ಧತಿ," ಎಂದ ಮಹಾಂತೇಶ.

ಅವಳು ಇನ್ನೊಮ್ಮೆ ನೋಡಿದಳು. ಮುಂದೆ ಬಾಗಿದಳು. "ಅಣ್ಣ, ನನ್ನ ಕೈಯಲ್ಲಿ ಕೊಡಿ ಎಂದಿರಿ. ಆ ಹುಡುಗಿ ನಿಮ್ಮ ತಂಗಿಯೇ?"

ಕನ್ನಡಿಯಲ್ಲಿ ಕಾಕಾನ ಕಣ್ಣು ಮೊದಲ ಸಲ ಅವನನ್ನು ಬೇಡುತ್ತಿತ್ತು. ಹುಚ್ಚೇಶನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಹೇಳಿದರೆ ಕಾಕಾ ಗುಡೂರಿಗೆ ಹೋಗುವುದಿಲ್ಲ. ಪ್ರೀತಿ ಆ ಕಂಬ ಹಿಡಿದೇ ಮುದುಕಿಯಾಗುತ್ತಾಳೆ.

"ಅಲ್ಲರಿ," ಎಂದ. "ನನಗ ತಂಗಿ ಇಲ್ಲ."

ಮಹಾಂತೇಶ ಸೀಟಿಗೆ ಒರಗಿ ಕಾಲು ಚಾಚಿದ. "ಏಸಿ ಒಂಚೂರು ಜಾಸ್ತಿ ಮಾಡಪಾ. ಮತ್ತ ನಾಳೆ ಮುಂಜಾನೆ ಏಳಕ್ಕ ಗಾಡಿ ತೊಳದು ನಿಲ್ಸು. ಮಾರ್ಟಾನ್ನ ಕೂಡಲಸಂಗಮಕ್ಕ ಕರ್ಕೊಂಡು ಹೋಗ್ಬೇಕು."